ಮಡಿಕೇರಿ ಏರು, ಮೂರ್ನಾಲ್ಕು ತಿಂಗಳ ಮಳೆ: ಕರೆಂಟ್ ಬೈಕ್ ದಿನಾ ಓಡಿಸಲು ಆಗುತ್ತಾ?

ಮೂರ್ನಾಡು ಮಳೆ
ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಈಗ ನನ್ನದೇ ಒಂದು ತಲೆನೋವು ಇದೆ.

ಮನೆ ಮೂರ್ನಾಡು ಹತ್ತಿರ, ಟಾರು ರಸ್ತೆಯಿಂದ ಒಂದೂವರೆ ಕಿಲೋಮೀಟರ್ ಒಳಗೆ, ತೋಟದ ಮಣ್ಣು ದಾರಿ. ಕೆಲಸ ಮಡಿಕೇರಿಯಲ್ಲಿ. ಹೋಗಿ ಬರಲು ದಿನಕ್ಕೆ 30 ಕಿಲೋಮೀಟರ್ ಚಿಲ್ಲರೆ. ಭಾನುವಾರ ಕೆಲವೊಮ್ಮೆ ವಿರಾಜಪೇಟೆಗೆ ಅತ್ತೆ ಮನೆಗೆ. ಎರಡು ಮೂರು ತಿಂಗಳಿಗೊಮ್ಮೆ ಮೈಸೂರು. ಈಗ ಇರುವುದು ಅಪ್ಪ ತೆಗೆದ 100 ಸಿಸಿ ಬೈಕ್. 14 ವರ್ಷ ಆಯಿತು. ಜೂನ್ ಬಂತೆಂದರೆ ಬೆಳಿಗ್ಗೆ ಕಿಕ್ ಹೊಡೆದು ಹೊಡೆದು ಕಾಲು ಸೋಲುತ್ತದೆ.

ಕರೆಂಟ್ ಬೈಕ್ ತೆಗೆಯೋಣ ಅಂತ ಮನಸ್ಸು. ಸ್ಕೂಟರ್ ಅಲ್ಲ, ಬೈಕೇ ಬೇಕು. ಮಣ್ಣು ದಾರಿಗೆ ದೊಡ್ಡ ಚಕ್ರ ಬೇಕಲ್ವಾ. ವಿಷಯ ಎತ್ತಿದ್ದಕ್ಕೆ ಅಪ್ಪ ಹೇಳಿದ್ದು ಒಂದೇ ಮಾತು: "ಕರೆಂಟೇ ಇಲ್ಲದ ಊರಲ್ಲಿ ಕರೆಂಟ್ ಬೈಕಾ?" ಉತ್ತರ ಕೊಡಲು ಆಗಲಿಲ್ಲ.

ನಮ್ಮ ಜಿಲ್ಲೆಯಲ್ಲಿ ದಿನಾ ಓಡಿಸುವವರು ಯಾರಾದರೂ ಇದ್ದರೆ ಹೇಳಿ. ಬೆಂಗಳೂರಿನವರ ವಿಡಿಯೋ ನೋಡಿ ಸಾಕಾಗಿದೆ.

ಜೀಪ್ ಮಾವ
ನಿಮ್ಮ ಅಪ್ಪ ಹೇಳಿದ್ದು ಸರಿ. ಚರ್ಚೆ ಮುಗಿಯಿತು.

ಕಿತ್ತಳೆ
ಮಾವ, ನಿಮ್ಮ ಜೀಪ್ ಲೀಟರ್‌ಗೆ ಎಷ್ಟು ಕೊಡುತ್ತೆ, ಮೊದಲು ಅದು ಹೇಳಿ 😄

ಜೀಪ್ ಮಾವ
ಅದನ್ನು ಕೇಳಬಾರದು. ಹೆಂಡತಿಯೂ ಕೇಳುವುದಿಲ್ಲ.

ಸುಂಟಿಕೊಪ್ಪ ಸವಾರ
ನಾನು ದಿನಾ ಓಡಿಸುತ್ತೇನೆ, ಎರಡು ವರ್ಷ ಆಗುತ್ತಾ ಬಂತು. ಬೈಕ್ ಅಲ್ಲ, ಸ್ಕೂಟರ್. ಸುಂಟಿಕೊಪ್ಪದಿಂದ ಮಡಿಕೇರಿಗೆ, ನಿಮ್ಮಷ್ಟೇ ದೂರ. ಹೋಗುವಾಗ ಏರು, ಬರುವಾಗ ಇಳಿಜಾರು. ಕಂಪನಿ ಹೆಸರು ಹೇಳುವುದಿಲ್ಲ, ಆಮೇಲೆ ಜಗಳ ಶುರುವಾಗುತ್ತೆ.

ಜಾಹೀರಾತಿನಲ್ಲಿ ಹೇಳುವ ಕಿಲೋಮೀಟರ್ ಮರೆತುಬಿಡಿ. ಆ ಪರೀಕ್ಷೆಯನ್ನು ಲ್ಯಾಬಿನಲ್ಲಿ ರೋಲರ್ ಮೇಲೆ ಗಾಡಿ ಓಡಿಸಿ ಮಾಡುತ್ತಾರೆ. ಅಲ್ಲಿ ಏರೂ ಇಲ್ಲ, ಗಾಳಿಬೀಡಿನ ಗಾಳಿಯೂ ಇಲ್ಲ, ಹಿಂದೆ ಹೆಂಡತಿಯೂ ಇಲ್ಲ. ಬರೆದದ್ದರಲ್ಲಿ ಅರವತ್ತು, ಅರವತ್ತೈದು ಪರ್ಸೆಂಟ್ ಸಿಕ್ಕಿದರೆ ನಮ್ಮ ಊರಿಗೆ ಅದೇ ಜಾಸ್ತಿ. ಆದರೆ ನಿಮ್ಮ ದಿನದ 30 ಕಿಲೋಮೀಟರ್‌ಗೆ ಅಷ್ಟು ಸಾಕೋ ಸಾಕು. ನಾನು ಒಂದು ದಿನ ಬಿಟ್ಟು ಒಂದು ದಿನ ಚಾರ್ಜ್ ಮಾಡುತ್ತೇನೆ.

ನನಗೆ ಕಾಟ ಕೊಟ್ಟದ್ದು ರೇಂಜ್ ಅಲ್ಲ, ಪ್ಲಗ್. ಅದರ ಕಥೆ ದೊಡ್ಡದು. ರಾತ್ರಿ ಊಟ ಮಾಡಿ ಬರೆಯುತ್ತೇನೆ.

ಗೋಣಿಕೊಪ್ಪ ಗಣಿತ
ಏರಿಗೆ ಎಷ್ಟು ಚಾರ್ಜ್ ಹೋಗುತ್ತೆ ಅಂತ ಎಲ್ಲರೂ ಅಂದಾಜಿನಲ್ಲಿ ಹೇಳುತ್ತಾರೆ. ಲೆಕ್ಕ ಕಷ್ಟವೇನಲ್ಲ. ಹೈಸ್ಕೂಲ್ ಫಿಸಿಕ್ಸ್: ತೂಕ, ಎತ್ತರ, 9.8, ಮೂರನ್ನೂ ಗುಣಿಸಿ.

ಕುಶಾಲನಗರದಿಂದ ಮಡಿಕೇರಿಗೆ ಏರು ಸುಮಾರು 300 ಮೀಟರ್. ಗಾಡಿ, ಸವಾರ ಸೇರಿ 200 ಕೆಜಿ ಹಿಡಿಯಿರಿ. 5,88,000 ಜೂಲ್. ಒಂದು ಯೂನಿಟ್ ಕರೆಂಟ್ ಅಂದರೆ 36 ಲಕ್ಷ ಜೂಲ್. ಭಾಗಿಸಿದರೆ 0.16 ಯೂನಿಟ್. ಅಂದರೆ 3 ಯೂನಿಟ್ ಬ್ಯಾಟರಿಯಲ್ಲಿ ಏರಿಗಾಗಿ ಹೋಗುವುದು ಐದಾರು ಪರ್ಸೆಂಟ್ ಮಾತ್ರ! ಜನ ಸುಮ್ನೆ ಹೆದರುತ್ತಾರೆ.

ಸಂಪಾಜೆ ತಿರುವು
ಸಾರ್, ನೀವು ಸುಲಭದ ರಸ್ತೆ ಆರಿಸಿಕೊಂಡಿರಿ. ನಮ್ಮ ಕಡೆ ಬನ್ನಿ. ಸಂಪಾಜೆಯಿಂದ ಮಡಿಕೇರಿಗೆ ಹತ್ತಬೇಕಾದ್ದು ಸಾವಿರ ಮೀಟರ್ ಹತ್ತಿರ, ದೂರ ಬರೀ 25 ಕಿಲೋಮೀಟರ್ ಆಸುಪಾಸು. ಹಿಂದೆ ಒಬ್ಬರು ಕೂತು, ಕಾಲ ಬಳಿ ಒಂದು ಚೀಲ ಇಟ್ಟರೆ ಎಲ್ಲಾ ಸೇರಿ 270 ಕೆಜಿ. ನಿಮ್ಮದೇ ಸೂತ್ರ ಹಾಕಿ ನೋಡಿ.

ಇನ್ನೊಂದು. ಬ್ಯಾಟರಿಯಿಂದ ಹೊರಟದ್ದೆಲ್ಲಾ ಚಕ್ರಕ್ಕೆ ಮುಟ್ಟುತ್ತದಾ? ಮೋಟಾರ್ ಬಿಸಿಯಾಗುವುದು ಯಾವ ಕರೆಂಟಿನಿಂದ?

ಗೋಣಿಕೊಪ್ಪ ಗಣಿತ
ಒಪ್ಪಿದೆ, ಅದನ್ನು ಬಿಟ್ಟಿದ್ದೆ. 270 ಕೆಜಿ, ಸಾವಿರ ಮೀಟರ್: 0.73 ಯೂನಿಟ್. ನೂರರಲ್ಲಿ ಎಂಬತ್ತು ಮಾತ್ರ ಚಕ್ರಕ್ಕೆ ಸೇರುತ್ತದೆ ಅಂತ ಹಿಡಿದರೆ 0.9. ಇದರ ಮೇಲೆ ಸಾಮಾನ್ಯ ಓಟಕ್ಕೆ ಕಿಲೋಮೀಟರ್‌ಗೆ 0.03 ಯೂನಿಟ್ ಅಂದರೂ 25 ಕಿಲೋಮೀಟರ್‌ಗೆ 0.75. ಒಟ್ಟು 1.65 ಯೂನಿಟ್. 3 ಯೂನಿಟ್ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಜಾಸ್ತಿ, ಅದೂ 25 ಕಿಲೋಮೀಟರ್‌ನಲ್ಲಿ.

ಹೆದರಬೇಕಾದವರು ಹೆದರಬಹುದು.

ಸಂಪಾಜೆ ತಿರುವು
ಧನ್ಯವಾದ 🙏 ಇದನ್ನೇ ನಮ್ಮ ಭಾವನಿಗೆ ಒಂದು ವರ್ಷದಿಂದ ಹೇಳುತ್ತಿದ್ದೇನೆ. ಸುಳ್ಯದಲ್ಲಿ ಕೂತು "ನನ್ನ ಗಾಡಿ ನೂರು ಕಿಲೋಮೀಟರ್ ಹೋಗುತ್ತೆ" ಅನ್ನುತ್ತಾನೆ. ಮಡಿಕೇರಿಗೆ ಬರುವಾಗ ಮಾತ್ರ ಬಸ್ಸು.

ಹಳೇ ರೈಟರ್
ಇಳಿಯುವಾಗ ಚಾರ್ಜ್ ವಾಪಸ್ ಬರುತ್ತದೆ ಅನ್ನುತ್ತಾರಲ್ಲ, ಅದು ನಿಜವೋ, ಮಾರುವವರ ಮಾತೋ?

ಸುಂಟಿಕೊಪ್ಪ ಸವಾರ
ನಿಜ, ಆದರೆ ಕತ್ತೆಗೆ ಹುಲ್ಲು ತೋರಿಸಿದ ಹಾಗೆ. ಇಳಿಯುವಾಗ ಮೋಟಾರೇ ಡೈನಮೋ ಆಗುತ್ತದೆ. ಹತ್ತುವಾಗ ಕೊಟ್ಟದ್ದರಲ್ಲಿ ಕಾಲು ಭಾಗ ವಾಪಸ್ ಬಂದರೂ ಪುಣ್ಯ ಅಂತ ನನ್ನ ಅನುಭವ.

ಇಲ್ಲಿ ಒಂದು ವಿಷಯ ಶೋರೂಮಿನವರು ಯಾರೂ ಹೇಳಲಿಲ್ಲ, ನಾನೇ ಹೆದರಿ ಕಲಿತದ್ದು. ಬ್ಯಾಟರಿ 100 ಇದ್ದಾಗ ವಾಪಸ್ ಬಂದ ಕರೆಂಟ್ ಹಾಕಲು ಜಾಗ ಇರುವುದಿಲ್ಲ. ಆಗ ಗಾಡಿ ಹಾಗೆ ಹಿಡಿಯುವುದನ್ನು ನಿಲ್ಲಿಸಿಬಿಡುತ್ತದೆ. ಮೊದಲ ವಾರ ಮಡಿಕೇರಿಯಲ್ಲಿ ಸ್ನೇಹಿತನ ಮನೆಯಲ್ಲಿ ಫುಲ್ ಚಾರ್ಜ್ ಮಾಡಿ ಕೆಳಗೆ ಹೊರಟೆ. ದಿನಾ ಆಕ್ಸಿಲರೇಟರ್ ಬಿಟ್ಟರೆ ಗಾಡಿ ತಾನೇ ನಿಧಾನ ಆಗುತ್ತಿತ್ತು. ಆವತ್ತು ಜಾರುಬಂಡೆ ಥರ ಹೋಯಿತು. ಎಂಜಿನ್ ಇಲ್ಲದ ಗಾಡಿ, ಗೇರ್ ಇಳಿಸಿ ಹಿಡಿಯುವ ಹಾಗೂ ಇಲ್ಲ. ಮಳೆ, ಮಂಜು, ತಿರುವಿನಲ್ಲಿ ಎದುರಿಗೆ ಟೂರಿಸ್ಟ್ ಬಸ್ಸು. ಬ್ರೇಕ್ ಇತ್ತು, ಬದುಕಿದೆ.

ಆದ್ದರಿಂದ ಗುಡ್ಡದ ಮೇಲೆ ಮನೆ ಇರುವವರು 85, 90ಕ್ಕೆ ನಿಲ್ಲಿಸಿ. ಬ್ಯಾಟರಿಗೂ ಅದೇ ಒಳ್ಳೆಯದು.

ಮೂರ್ನಾಡು ಮಳೆ
ಇದು ಗೊತ್ತೇ ಇರಲಿಲ್ಲ ಅಣ್ಣ. ನಮ್ಮ ಮನೆ ಕೆಳಗೆ, ಆಫೀಸ್ ಮೇಲೆ. ಹಾಗಾದರೆ ನನಗೆ ಅನುಕೂಲ ಅಲ್ವಾ? ಬೆಳಿಗ್ಗೆ ಫುಲ್ ಇದ್ದಾಗ ಹತ್ತುತ್ತೇನೆ, ಸಂಜೆ ಜಾಗ ಇದ್ದಾಗ ಇಳಿಯುತ್ತೇನೆ.

ಸುಂಟಿಕೊಪ್ಪ ಸವಾರ
ಹೌದು. ನೀವು ಹುಟ್ಟಿದ ಜಾಗವೇ ಸರಿ ಇದೆ 😄

ಕರಿಮೆಣಸು
ಬೈಕೇ ಬೇಕು ಅನ್ನುವವರಿಗೆ ಏನೇನಿದೆ ಅಂತ ಯಾರೂ ಹೇಳಲಿಲ್ಲ. ಇಲ್ಲಿ ಎಲ್ಲರೂ ಸ್ಕೂಟರ್‌ನವರೇ.

ರಿವೋಲ್ಟ್ ಆರ್‌ವಿ400 2019ರಲ್ಲಿ ಬಂದದ್ದು. 3.24 ಯೂನಿಟ್ ಬ್ಯಾಟರಿ, ತೆಗೆದು ಒಳಗೆ ಒಯ್ದು ಚಾರ್ಜ್ ಮಾಡಬಹುದು. ಓಬೆನ್ ರೋರ್ ಬೆಂಗಳೂರಿನದು, 4.4 ಯೂನಿಟ್, ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ. ಆ ಜಾತಿಯ ಬ್ಯಾಟರಿ ಸ್ವಲ್ಪ ಭಾರ, ಆದರೆ ಜಾಸ್ತಿ ವರ್ಷ ಬಾಳುತ್ತದೆ, ಬಿಸಿಗೂ ಬೇಗ ಕೆರಳುವುದಿಲ್ಲ. ಅಲ್ಟ್ರಾವಯಲೆಟ್ ಎಫ್77 ಕೂಡ ಬೆಂಗಳೂರಿನದೇ, ದೊಡ್ಡ ಬ್ಯಾಟರಿಯ ಮಾಡೆಲ್‌ನಲ್ಲಿ 10.3 ಯೂನಿಟ್. ಆದರೆ 200 ಕೆಜಿ ಗಾಡಿ, ಬೆಲೆ ಲಕ್ಷಗಳಲ್ಲಿ. ಆಫೀಸಿಗೆ ಹೋಗಲು ಅದು ಬೇಕಾ? ಗೇರ್ ಇರುವ ಕರೆಂಟ್ ಬೈಕೂ ಬಂದಿದೆ, ಮ್ಯಾಟರ್ ಏರಾ ಅಂತ, ನಾಲ್ಕು ಗೇರ್.

ನನ್ನ ಹತ್ತಿರ ಇವು ಯಾವುವೂ ಇಲ್ಲ. ಓದಿ ಓದಿ ತಲೆಯಲ್ಲಿ ಕೂತದ್ದು, ಅಷ್ಟೇ.

ಕಿತ್ತಳೆ
ಗೇರ್ ಇಲ್ಲ ಅನ್ನುವುದೇ ಇದರ ಸುಖ. ಅದಕ್ಕೂ ಗೇರ್ ಹಾಕಿದರೆ ಏನು ಬಂತು?

ಹಳೇ ರೈಟರ್
ಮಗಾ, ತೋಟದೊಳಗೆ ಮಳೆಗಾಲದಲ್ಲಿ ಗಾಡಿ ಓಡಿಸಿದ್ದೀಯಾ? 31 ವರ್ಷ ತೋಟದ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ ಆಗಿದ್ದವನು ನಾನು. ಕೆಸರಿನಲ್ಲಿ ಹಾಫ್ ಕ್ಲಚ್ ಹಿಡಿದು ಒಂದನೇ ಗೇರ್‌ನಲ್ಲಿ ಮೆಲ್ಲಗೆ ಎಳೆದು ತರುವುದು ಒಂದು ವಿದ್ಯೆ. ಕಳೆದ ವರ್ಷ ತಂಗಿಯ ಮಗನ ಕರೆಂಟ್ ಸ್ಕೂಟರ್ ತೆಗೆದುಕೊಂಡು ಕೆಲಸದವರ ಲೈನ್ ಮನೆ ಕಡೆ ಹೋದೆ. ಸ್ವಲ್ಪ ತಿರುಗಿಸಿದೆ ಅಷ್ಟೇ, ಹಿಂದಿನ ಚಕ್ರ ನಿಂತಲ್ಲೇ ಗಿರಗಿರ ತಿರುಗಿತು. ಗಾಡಿ ಒಂದು ಕಡೆ, ನಾನು ಒಂದು ಕಡೆ. ಕೆಲಸದವರೆಲ್ಲ ನಕ್ಕರು. ಎದ್ದು ನೋಡಿದರೆ ಕಾಲಿಗೆ ಇಂಬಳ ಬೇರೆ.

ಸಂತೆ ಅಕ್ಕ
ಅಣ್ಣ, ಇಕೋ ಮೋಡ್ ಹಾಕಿಕೊಂಡು ಹೋಗಬೇಕಿತ್ತು. ಶನಿವಾರಸಂತೆ ಕಡೆ ನಮ್ಮ ದಾರಿಯೂ ಹಾಗೇ ಇದೆ. ಇಕೋದಲ್ಲಿ ಎಳೆತ ಮೆಲ್ಲಗೆ ಬರುತ್ತದೆ, ಚಕ್ರ ಸುತ್ತುವುದಿಲ್ಲ. ಎರಡು ದಿನದಲ್ಲಿ ಕೈಗೆ ಅಂದಾಜು ಸಿಗುತ್ತದೆ. ನಾನು ಮಗಳನ್ನು ಸ್ಕೂಲಿಗೆ ಬಿಟ್ಟು, ಹಾಲು ಡೇರಿಗೆ ಹಾಕಿ, ಬರುವಾಗ ಹಸುವಿನ ಫೀಡ್ ಚೀಲ ಕಾಲ ಬಳಿ ಇಟ್ಟುಕೊಂಡು ಬರುತ್ತೇನೆ. ಬೈಕ್‌ನಲ್ಲಿ ಚೀಲ ಎಲ್ಲಿ ಇಡುತ್ತೀರಿ? ಬೈಕೇ ಬೇಕು ಅನ್ನುವವರು ಮನೆಗೆ ಸಾಮಾನು ತರದವರು ಅಂತ ನನ್ನ ಅನಿಸಿಕೆ.

ಕರಿಮೆಣಸು
ಅಕ್ಕ ಒಂದೇ ಮಾತಲ್ಲಿ ಎಲ್ಲರನ್ನೂ ಮಲಗಿಸಿದರು.

ಸೋಮವಾರಪೇಟೆ ಸೋಮಾರಿ
ಲೈಸೆನ್ಸ್ ಬೇಡ, ರಿಜಿಸ್ಟ್ರೇಷನ್ ಬೇಡ ಅಂತ ಸಣ್ಣ ಸ್ಕೂಟರ್ ಬರುತ್ತದಲ್ಲ, ಅದು ಹೇಗೆ? ಬೆಲೆಯೂ ಕಡಿಮೆ. ಅಮ್ಮನಿಗೆ ಅಂತ ನೋಡುತ್ತಿದ್ದೇನೆ.

ಗೋಣಿಕೊಪ್ಪ ಗಣಿತ
ಬೇಡವೇ ಬೇಡ. ಲೈಸೆನ್ಸ್ ಬೇಡದ ಗಾಡಿ ಅಂದರೆ ಮೋಟಾರ್ 250 ವ್ಯಾಟ್ ಒಳಗೆ, ವೇಗ ಗಂಟೆಗೆ 25 ಕಿಲೋಮೀಟರ್ ಒಳಗೆ ಇರಬೇಕು. ಹತ್ತು ಅಡಿ ಹೋದರೆ ಒಂದು ಅಡಿ ಏರುವ ರಸ್ತೆ ತೆಗೆದುಕೊಳ್ಳಿ, ನಮ್ಮಲ್ಲಿ ಅಂಥದ್ದಕ್ಕೆ ಬರವಿಲ್ಲ. ಗಾಡಿ, ಅಮ್ಮ ಸೇರಿ 150 ಕೆಜಿ. 250 ವ್ಯಾಟ್‌ನಲ್ಲಿ ಅದು ಹತ್ತುವ ವೇಗ ಗಂಟೆಗೆ 6 ಕಿಲೋಮೀಟರ್. ಅಮ್ಮ ನಡೆದುಕೊಂಡೇ ಮೊದಲು ಮುಟ್ಟುತ್ತಾರೆ.

ಸೋಮವಾರಪೇಟೆ ಸೋಮಾರಿ
ನಮ್ಮ ಅಮ್ಮ ಹೇಗೂ ಜೋರಾಗಿ ನಡೆಯುತ್ತಾರೆ. ಬಿಟ್ಟೆ.

ಸುಂಟಿಕೊಪ್ಪ ಸವಾರ
ಊಟ ಆಯಿತು. ಈಗ ಪ್ಲಗ್ ಕಥೆ.

ಗಾಡಿ ಮನೆಗೆ ಬಂದ ದಿನ ಪೂಜೆ ಮಾಡಿ, ನಿಂಬೆಹಣ್ಣು ಹತ್ತಿಸಿ, ರಾತ್ರಿ ಚಾರ್ಜ್‌ಗೆ ಹಾಕಿದೆ. ಕೆಂಪು ದೀಪ. ತೆಗೆದು ಹಾಕಿದರೂ ಕೆಂಪು ದೀಪ. ಬೆಳಿಗ್ಗೆ ಶೋರೂಮಿಗೆ ಫೋನ್ ಮಾಡಿದರೆ "ನಿಮ್ಮ ಮನೆಯಲ್ಲಿ ಅರ್ತಿಂಗ್ ಇಲ್ಲ ಸಾರ್" ಅಂದರು. ಅಜ್ಜ ಕಟ್ಟಿಸಿದ ಮನೆ. ಮೂರು ಪಿನ್ನಿನ ಸಾಕೆಟ್ ಎಲ್ಲಾ ಕಡೆ ಇದೆ. ಮೂರನೇ ಪಿನ್ನಿನ ತಂತಿ ಎಲ್ಲಿಗೆ ಹೋಗಿದೆ ಅಂತ ಎಲೆಕ್ಟ್ರಿಷಿಯನ್ ಹುಡುಕಿದ. ಎಲ್ಲಿಗೂ ಹೋಗಿರಲಿಲ್ಲ! ನಲವತ್ತು ವರ್ಷದಿಂದ ಫ್ರಿಜ್, ಮಿಕ್ಸಿ ಎಲ್ಲಾ ದೇವರ ದಯೆಯಿಂದ ನಡೆದಿದೆ. ಹಿತ್ತಲಲ್ಲಿ ಗುಂಡಿ ತೋಡಿ, ಪೈಪ್ ಇಳಿಸಿ, ಇದ್ದಿಲು, ಉಪ್ಪು ಹಾಕಿ ಅರ್ತಿಂಗ್ ಮಾಡಿಸಿದೆ. ಬೋರ್ಡಿನಿಂದ ದಪ್ಪ ತಂತಿ ಎಳೆದು 16 ಆಂಪಿಯರ್ ಸಾಕೆಟ್, ಅದಕ್ಕೆ ಬೇರೆ ಎಂಸಿಬಿ. ಮೂರು ದಿನದ ಕೆಲಸ. ಅಷ್ಟೂ ದಿನ ಹೊಸ ಗಾಡಿ ಹಾರ ಹಾಕಿಕೊಂಡು ಜಗಲಿಯಲ್ಲಿ ನಿಂತಿತ್ತು.

ಆಮೇಲೆ ವೋಲ್ಟೇಜ್. ನಮ್ಮದು ಲೈನಿನ ಕೊನೆಯ ಮನೆ. ಸಂಜೆ ಏಳರಿಂದ ಹತ್ತರವರೆಗೆ ಎಲ್ಲರ ಮನೆಯಲ್ಲೂ ಲೈಟು, ಗೀಸರ್, ಟೀವಿ. ಮೀಟರ್ ಇಟ್ಟು ನೋಡಿದರೆ 165, 170. ಚಾರ್ಜರ್ ಒಪ್ಪುವುದಿಲ್ಲ, ನಿಂತುಬಿಡುತ್ತದೆ. ಹತ್ತೂವರೆ ಮೇಲೆ 210 ಬರುತ್ತದೆ. ಆದ್ದರಿಂದ ಮಲಗುವ ಮುಂಚೆ ಹಾಕುತ್ತೇನೆ, ಬೆಳಗ್ಗೆ ರೆಡಿ ಇರುತ್ತದೆ.

ಮೂರ್ನಾಡಿನವರೇ, ಗಾಡಿ ಬುಕ್ ಮಾಡುವ ಮುಂಚೆ ಒಬ್ಬ ಒಳ್ಳೆ ಎಲೆಕ್ಟ್ರಿಷಿಯನ್ನನ್ನು ಮನೆಗೆ ಕರೆಸಿ.

ಲೈನ್‌ಮನೆ ಮೇಷ್ಟ್ರು
ಸಿಡಿಲಿನ ವಿಷಯ ಬಿಟ್ಟಿರಿ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಮೇಲೆ ಗುಡುಗು ಶುರುವಾದರೆ ಪ್ಲಗ್ ಕಿತ್ತುಬಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಕೀಳಬೇಕು. ನಮ್ಮ ಶಾಲೆಯ ಟೀವಿ, ಕಂಪ್ಯೂಟರ್ ಎರಡೂ ಒಂದೇ ಸಿಡಿಲಿಗೆ ಹೋದವು. ಚಾರ್ಜರ್ ಬೆಲೆ ಟೀವಿಯಷ್ಟೇ ಆಗುತ್ತದೆ.

ಜೀಪ್ ಮಾವ
ಈಗ ಅಸಲಿ ಪ್ರಶ್ನೆಗೆ ಬನ್ನಿ. ಜುಲೈ ತಿಂಗಳಲ್ಲಿ ಸಿಲ್ವರ್ ಮರ ಲೈನ್ ಮೇಲೆ ಬಿದ್ದು ನಾಲ್ಕು ದಿನ ಕರೆಂಟ್ ಇಲ್ಲ. ಆಗ ಆಫೀಸಿಗೆ ಹೇಗೆ ಹೋಗುತ್ತೀರಿ? 2018ರ ಆಗಸ್ಟ್ ನೆನಪಿದೆ ತಾನೇ? ನಮ್ಮಲ್ಲಿ ಎರಡು ವಾರ ಕಂಬಗಳೇ ಇರಲಿಲ್ಲ.

ಕಿತ್ತಳೆ
2018ರಲ್ಲಿ ರಸ್ತೆಗಳೇ ಇರಲಿಲ್ಲ ಮಾವ. ಪೆಟ್ರೋಲ್ ಗಾಡಿ ಎಲ್ಲಿ ಓಡಿಸಿದಿರಿ?

ಜೀಪ್ ಮಾವ
ಮಾತಿಗೆ ಮಾತು ಬೇಡ. ಸಾಮಾನ್ಯ ಮಳೆಗಾಲದ್ದೇ ಹೇಳು.

ಮೂರ್ನಾಡು ಮಳೆ
ನಾನೂ ಇದನ್ನೇ ಕೇಳಬೇಕು ಅಂತಿದ್ದೆ. ಮನೆಯಲ್ಲಿ ಇನ್ವರ್ಟರ್ ಇದೆ, 150 ಎಎಚ್ ಬ್ಯಾಟರಿ. ಅದರಿಂದ ಆಗುತ್ತಾ?

ಗೋಣಿಕೊಪ್ಪ ಗಣಿತ
12 ವೋಲ್ಟ್ ಗುಣಿಸು 150, ಅಂದರೆ 1.8 ಯೂನಿಟ್, ಅದೂ ಹೊಸದಿದ್ದಾಗ. ಪೂರ್ತಿ ಹಿಂಡಿದರೂ ಗಾಡಿಗೆ ಸೇರುವುದು ಅರ್ಧ ಚಾರ್ಜ್. ಇನ್ವರ್ಟರ್ ಬ್ಯಾಟರಿಯ ಆಯಸ್ಸೂ ಅಲ್ಲಿಗೆ ಮುಗಿಯುತ್ತದೆ. ಮನೆಯವರು ಕತ್ತಲಲ್ಲಿ ಕೂರುತ್ತಾರೆ, ನೀವು ಆಫೀಸಿಗೆ ಹೋಗುತ್ತೀರಿ. ಮನೆಯಲ್ಲಿ ಜಗಳ ಗ್ಯಾರಂಟಿ.

ಸಂತೆ ಅಕ್ಕ
ಕಳೆದ ಮಳೆಯಲ್ಲಿ ನಮ್ಮಲ್ಲಿ ಮೂರು ದಿನ ಕರೆಂಟ್ ಇರಲಿಲ್ಲ. ಮಳೆ ಜೋರು ಅಂತ ಸುದ್ದಿ ಬಂದ ಕೂಡಲೇ ಫುಲ್ ಚಾರ್ಜ್ ಮಾಡಿಟ್ಟಿದ್ದೆ. ಎರಡು ದಿನ ಬಂತು. ಮೂರನೇ ದಿನ ಪಕ್ಕದ ಮನೆಯವರು ಟ್ಯಾಂಕಿಗೆ ನೀರು ತುಂಬಿಸಲು ಜನರೇಟರ್ ಹಾಕಿದಾಗ ಒಂದು ಗಂಟೆ ಸಿಕ್ಕಿಸಿಕೊಂಡೆ. ಬದಲಿಗೆ ಒಂದು ಲೀಟರ್ ಪೆಟ್ರೋಲ್ ತಂದುಕೊಟ್ಟೆ. ಪೆಟ್ರೋಲ್ ತರಲು ಹೋದದ್ದೂ ಅದೇ ಕರೆಂಟ್ ಗಾಡಿಯಲ್ಲಿ. ಯಜಮಾನರು ಇವತ್ತಿಗೂ ಅದನ್ನು ಹೇಳಿ ನಗುತ್ತಾರೆ.

ಅದೂ ಅಲ್ಲದೆ, ಆಫೀಸಿಗೆ ಹೋಗುವವರು ಅಲ್ಲೇ ಚಾರ್ಜ್ ಮಾಡಿಕೊಳ್ಳಬಹುದಲ್ಲ? ಪಟ್ಟಣಕ್ಕೆ ಕರೆಂಟ್ ಮೊದಲು ಬರುತ್ತದೆ, ನಮಗೆ ಕೊನೆಗೆ.

ಮೂರ್ನಾಡು ಮಳೆ
ಆಫೀಸಿನಲ್ಲಿ ಕೇಳಿ ನೋಡಬೇಕು. ಮ್ಯಾನೇಜರ್ ಮೊಬೈಲ್ ಚಾರ್ಜರ್‌ಗೂ ಮುಖ ಸಿಂಡರಿಸುವ ಮನುಷ್ಯ.

ತೋಟದ ಪಂಪು
ತೋಟದ ಪಂಪ್‌ಸೆಟ್ ಲೈನಿನಿಂದ ಚಾರ್ಜ್ ಮಾಡಿದರೆ ಬಿಲ್ಲೇ ಇಲ್ಲವಲ್ಲ 😜

ಲೈನ್‌ಮನೆ ಮೇಷ್ಟ್ರು
ತಮಾಷೆಗೂ ಹೇಳಬೇಡಿ. ಒಂದು ಉದ್ದೇಶಕ್ಕೆ ಕೊಟ್ಟ ಕರೆಂಟನ್ನು ಇನ್ನೊಂದಕ್ಕೆ ಬಳಸಿದರೆ ಅದು ಅನಧಿಕೃತ ಬಳಕೆ. 2003ರ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್. ಲೆಕ್ಕ ಹಾಕಿ ದುಪ್ಪಟ್ಟು ದರದಲ್ಲಿ ವಸೂಲಿ ಮಾಡುತ್ತಾರೆ.

ತೋಟದ ಪಂಪು
ಮೇಷ್ಟ್ರೇ, ನಾನು ಸ್ನೇಹಿತನ ಪರವಾಗಿ ಕೇಳಿದ್ದು.

ಕರಿಮೆಣಸು
ಗೃಹಜ್ಯೋತಿ ಇದೆಯಲ್ಲ, ಮನೆಯದೇ ಫ್ರೀ ಅಲ್ವಾ?

ಲೈನ್‌ಮನೆ ಮೇಷ್ಟ್ರು
ಅಲ್ಲಿ ಒಂದು ಕೊಕ್ಕೆ ಇದೆ. ಮನೆಯ ಹಳೆಯ ಸರಾಸರಿಯ ಮೇಲೆ ಸ್ವಲ್ಪ ಸೇರಿಸಿ ಅಷ್ಟು ಯೂನಿಟ್ ಮಾತ್ರ ಉಚಿತ. ಅದಕ್ಕಿಂತ ಮೇಲೆ ಹೋದ ಯೂನಿಟ್‌ಗೆ ದುಡ್ಡು ಕೊಡಬೇಕು. 200 ದಾಟಿದರೆ ಪೂರ್ತಿ ಬಿಲ್ಲು. ಗಾಡಿ ಬಂದ ಮೇಲೆ ತಿಂಗಳಿಗೆ ಮೂವತ್ತು ಯೂನಿಟ್ ಜಾಸ್ತಿ ಆಗುತ್ತದೆ. ಈಗಾಗಲೇ 180 ಸುಡುತ್ತಿರುವ ಮನೆಯವರು ಯೋಚನೆ ಮಾಡಿ. ಉಳಿದವರಿಗೆ ದೊಡ್ಡ ಹೊರೆ ಏನಲ್ಲ.

ಗೋಣಿಕೊಪ್ಪ ಗಣಿತ
ದುಡ್ಡಿನ ಲೆಕ್ಕ ಹಾಕಿಬಿಡೋಣ. ಮೂರ್ನಾಡಿನವರದ್ದು ದಿನಕ್ಕೆ 30, ತಿಂಗಳಿಗೆ 26 ದಿನ, 780 ಕಿಲೋಮೀಟರ್. ಹಳೇ ಬೈಕ್ ಲೀಟರ್‌ಗೆ 50 ಕೊಡುತ್ತದೆ, ಪೆಟ್ರೋಲ್ 103 ರೂಪಾಯಿ ಅಂತ ಹಿಡಿದರೆ ತಿಂಗಳಿಗೆ 1,600. ಕರೆಂಟ್ ಗಾಡಿಗೆ ಏರು, ಚಾರ್ಜರ್ ಬಿಸಿ ಎಲ್ಲಾ ಸೇರಿಸಿ ನೂರು ಕಿಲೋಮೀಟರ್‌ಗೆ 4 ಯೂನಿಟ್. 31 ಯೂನಿಟ್, 6 ರೂಪಾಯಿಯಂತೆ 190. ಉಳಿತಾಯ ತಿಂಗಳಿಗೆ 1,400, ವರ್ಷಕ್ಕೆ 17 ಸಾವಿರ ಹತ್ತಿರ. ಆಯಿಲ್ ಖರ್ಚು ಇಲ್ಲ. ಥರ್ಡ್ ಪಾರ್ಟಿ ಇನ್ಶೂರೆನ್ಸ್‌ನಲ್ಲೂ 15 ಪರ್ಸೆಂಟ್ ರಿಯಾಯಿತಿ ಇದೆ.

ಅಮ್ಮತ್ತಿ ಅನುಭವಿ
ಈ ಲೆಕ್ಕ ಕಾಗದದ ಮೇಲೆ ಚೆಂದ. ನನ್ನದು ಕೇಳಿ.

ಎರಡು ವರ್ಷ ಏಳು ತಿಂಗಳು ಆದ ಮೇಲೆ ಒಂದು ಬೆಳಿಗ್ಗೆ ಗಾಡಿ ಎದ್ದೇಳಲಿಲ್ಲ. ಡಿಸ್‌ಪ್ಲೇ ಕಪ್ಪು. ನಮ್ಮ ಅಮ್ಮತ್ತಿಯ ಮೆಕ್ಯಾನಿಕ್ ಯಾವ ಪೆಟ್ರೋಲ್ ಬೈಕ್ ಕೊಟ್ಟರೂ ಕಣ್ಣು ಮುಚ್ಚಿ ಬಿಚ್ಚಿ ಜೋಡಿಸುತ್ತಾನೆ. ಇದನ್ನು ನೋಡಿ ಕೈ ಮುಗಿದ. ಕಂಪನಿಯ ಹೆಸರು ಬೇಡ. ಅವರ ಸರ್ವಿಸ್ ನಮ್ಮ ಜಿಲ್ಲೆಯಲ್ಲಿ ಆಗ ಇರಲಿಲ್ಲ. ಮೈಸೂರಿಗೆ ತನ್ನಿ ಅಂದರು. ಪಿಕಪ್ ಬಾಡಿಗೆ ಮಾಡಿ, ಗಾಡಿಗೆ ಹಗ್ಗ ಕಟ್ಟಿ, ಹಸು ಸಾಗಿಸುವ ಹಾಗೆ ಸಾಗಿಸಿದೆ. ಅಲ್ಲಿ "ಪಾರ್ಟ್ ಬರಬೇಕು" ಅಂತ 38 ದಿನ. ಪಾರ್ಟ್ ಅಂದರೆ ಅಂಗೈ ಅಗಲದ ಒಂದು ಬೋರ್ಡು. ವಾರಂಟಿಯಲ್ಲಿ ಫ್ರೀ ಆಯಿತು, ಸುಳ್ಳು ಹೇಳಬಾರದು. ಆದರೆ 38 ದಿನ ಬಸ್ಸಿಗೆ ಕಾದದ್ದು, ಪಿಕಪ್ ಬಾಡಿಗೆ ಎರಡು ಸಲ, ಇದನ್ನೆಲ್ಲ ಗಣಿತದವರು ಎಲ್ಲಿ ಬರೆಯುತ್ತಾರೆ?

ಈಗ ಗಾಡಿ ಚೆನ್ನಾಗಿ ಓಡುತ್ತಿದೆ. ಮಾರಿಲ್ಲ. ಆದರೆ ಹಳೇ ಬೈಕನ್ನೂ ಮಾರಿಲ್ಲ.

ಗೋಣಿಕೊಪ್ಪ ಗಣಿತ
ನೀವು ಹೇಳಿದ್ದಕ್ಕೆ ನನ್ನ ಹತ್ತಿರ ಸೂತ್ರ ಇಲ್ಲ.

ಮೂರ್ನಾಡು ಮಳೆ
ಅಣ್ಣ, ವಾರಂಟಿ ಮುಗಿದ ಮೇಲೆ ಬ್ಯಾಟರಿಗೆ ಎಷ್ಟು ಅಂತ ವಿಚಾರಿಸಿದ್ದೀರಾ?

ಅಮ್ಮತ್ತಿ ಅನುಭವಿ
ನನ್ನ ಗಾಡಿಗೆ 65 ಸಾವಿರ ಅಂದರು. ಗಣಿತದವರ ಉಳಿತಾಯದ ನಾಲ್ಕು ವರ್ಷ ಅಲ್ಲಿಗೆ ಹೋಯಿತು. ವಾರಂಟಿ ಎಷ್ಟು ವರ್ಷ ಅಂತ ಮಾತ್ರ ಕೇಳಬೇಡಿ. ಎಷ್ಟು ಪರ್ಸೆಂಟ್‌ಗೆ ಇಳಿದರೆ ಬದಲಾಯಿಸಿಕೊಡುತ್ತೀರಿ ಅಂತ ಕೇಳಿ, ಬರೆದದ್ದನ್ನು ತೋರಿಸಲು ಹೇಳಿ.

ನಾಪೋಕ್ಲು ನೀರು
ನೀರಿನ ಬಗ್ಗೆ ಯಾರೂ ಮಾತಾಡಲಿಲ್ಲ. ಕಾವೇರಿ ಉಕ್ಕಿದರೆ ನಮ್ಮ ರಸ್ತೆ ಹೊಳೆ ಆಗುತ್ತದೆ. ಕರೆಂಟ್ ಗಾಡಿಗೆ ನೀರು ನುಗ್ಗಿದರೆ ಶಾಕ್ ಹೊಡೆಯುವುದಿಲ್ಲವಾ?

ಕರಿಮೆಣಸು
ಬ್ಯಾಟರಿ ಮೇಲೆ ಐಪಿ67 ಅಂತ ಇದ್ದರೆ, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಒಳಗೆ ನೀರು ಹೋಗಬಾರದು ಅಂತ ಅರ್ಥ. ಮಳೆಗೆ ಹೆದರಬೇಕಾಗಿಲ್ಲ. ಸೈಲೆನ್ಸರ್ ಇಲ್ಲ, ಏರ್ ಫಿಲ್ಟರ್ ಇಲ್ಲ, ನೀರು ಕುಡಿದು ಎಂಜಿನ್ ನಿಲ್ಲುವ ತಾಪತ್ರಯ ಇಲ್ಲ.

ನಾಪೋಕ್ಲು ನೀರು
ಆ ಪರೀಕ್ಷೆ ನಿಂತ, ಶುದ್ಧ ನೀರಿನಲ್ಲಿ ಅಲ್ವಾ? ನಮ್ಮದು ಹರಿಯುವ ಕೆಂಪು ನೀರು. ಗಾಡಿ ಕೆಡದೇ ಇರಬಹುದು, ಗಾಡಿಯೇ ತೇಲಿಕೊಂಡು ಹೋದರೆ?

ಹಳೇ ರೈಟರ್
ಹರಿಯುವ ನೀರಿಗೆ ಯಾವ ಗಾಡಿಯನ್ನೂ ಇಳಿಸಬಾರದು. ಪೆಟ್ರೋಲೂ ಬೇಡ, ಕರೆಂಟೂ ಬೇಡ. ಈಚೆ ದಡದ ಅಂಗಡಿಯಲ್ಲಿ ಕಾಫಿ ಕುಡಿದು ಕೂರಬೇಕು.

ಸಿದ್ದಾಪುರ ಸೀಮೆ
ನೀರು ಬಿಡಿ, ಆನೆ! ಸದ್ದಿಲ್ಲದ ಗಾಡಿಯಲ್ಲಿ ತಿರುವು ತಿರುಗಿದರೆ ನೇರ ಆನೆಯ ಎದುರಿಗೆ. ಪೆಟ್ರೋಲ್ ಗಾಡಿಯ ಸದ್ದಿಗೆ ಅದಾದರೂ ನಮ್ಮನ್ನು ಮೊದಲೇ ತಿಳಿದುಕೊಳ್ಳುತ್ತದೆ. ನಮ್ಮ ಕಡೆ ಸಂಜೆ ಆರರ ಮೇಲೆ ಇದು ತಮಾಷೆಯ ಮಾತಲ್ಲ.

ತಿತಿಮತಿ ತಿರುಗಾಟ
ನನಗೆ ಉಲ್ಟಾ ಆಗಿದೆ. ತೋಟದ ದಾರಿಯಲ್ಲಿ ಮೆಲ್ಲಗೆ ಬರುತ್ತಿದ್ದೆ. ಎಂಜಿನ್ ಸದ್ದು ಇಲ್ಲದ್ದರಿಂದ ಮುಂದೆ ಬೈನೆ ಮರ ಮುರಿಯುವ ಲಟಲಟ ಸದ್ದು ದೂರದಿಂದಲೇ ಕೇಳಿಸಿತು. ಅಲ್ಲೇ ನಿಂತೆ. ಐದು ನಿಮಿಷದಲ್ಲಿ ಮರಿ ಸೇರಿ ನಾಲ್ಕು ದಾಟಿದವು. ಹಳೇ ಬೈಕ್‌ನಲ್ಲಿ ಬಂದಿದ್ದರೆ ನನಗೆ ಏನೂ ಕೇಳಿಸುತ್ತಿರಲಿಲ್ಲ.

ಕಿತ್ತಳೆ
ಎದುರಿಗೆ ಸಿಕ್ಕಿದರೂ ರಿವರ್ಸ್ ಮೋಡ್ ಇದೆಯಲ್ಲ 😄

ತಿತಿಮತಿ ತಿರುಗಾಟ
ರಿವರ್ಸ್ ಹೋಗುವುದು ನಡೆಯುವ ವೇಗದಲ್ಲಿ. ಅಷ್ಟು ಹೊತ್ತು ಆನೆ ಕಾಯುತ್ತದಾ?

ಸಿದ್ದಾಪುರ ಸೀಮೆ
ಮೋಡ್ ಬದಲಾಯಿಸಲು ಮೊದಲು ಗಾಡಿ ಪೂರ್ತಿ ನಿಲ್ಲಬೇಕು, ಆಮೇಲೆ ಬಟನ್ ಒತ್ತಿ ಹಿಡಿಯಬೇಕು. ಆನೆಗೂ ಇದನ್ನು ವಿವರಿಸಿ.

ಹೋಂಸ್ಟೇ ಹುಡುಗಿ
ವಿಷಯ ಬೇರೆ ಕಡೆ ಹೋದರೂ ಪರವಾಗಿಲ್ಲ, ಒಂದು ಮಾತು. ವಾರಾಂತ್ಯಕ್ಕೆ ಬರುವ ಅತಿಥಿಗಳಲ್ಲಿ ಈಗ ಕರೆಂಟ್ ಬೈಕ್‌ನವರೂ ಇದ್ದಾರೆ. ಬುಕ್ ಮಾಡುವಾಗ ಮೊದಲ ಪ್ರಶ್ನೆ ರೂಮಿನದಲ್ಲ, "15 ಆಂಪ್ಸ್ ಪ್ಲಗ್ ಇದೆಯಾ?" ಕಾರ್ ಶೆಡ್ಡಿನಲ್ಲಿ ಎರಡು ಹಾಕಿಸಿದ್ದೇವೆ. ಮೂರ್ನಾಡು ಅಣ್ಣ, ಮೈಸೂರಿಗೆ ಹೋಗುವಾಗ ನೀವೂ ಇದೇ ಥರ ಮಧ್ಯದಲ್ಲಿ ಊಟದ ಹೋಟೆಲ್ ನೋಡಿ ಇಟ್ಟುಕೊಳ್ಳಬೇಕು. ಮೂರೂವರೆ ಯೂನಿಟ್ ಬ್ಯಾಟರಿಯಲ್ಲಿ 120 ಕಿಲೋಮೀಟರ್ ಒಂದೇ ಓಟ ಕಷ್ಟ. ಹೋಗುವಾಗ ಇಳಿಜಾರು, ಹೇಗೋ ಆಗಬಹುದು. ಬರುವಾಗ ಕುಶಾಲನಗರದಲ್ಲಿ ಬೆವರು ಬರುತ್ತದೆ.

ಜೀಪ್ ಮಾವ
ಮೈಸೂರಿಗೆ ಬಸ್ಸಿದೆ. ಕರೆಂಟ್ ಬೈಕ್‌ನಲ್ಲಿ ಹೋಗಿ ಹೋಟೆಲ್‌ನಲ್ಲಿ ಮೂರು ಗಂಟೆ ಕೂತು ಮೂರು ಪ್ಲೇಟ್ ತಿಂದರೆ ಪೆಟ್ರೋಲ್ ದುಡ್ಡು ಅಲ್ಲೇ ಹೋಯಿತು. ಆದರೂ ಪಂದಿ ಕರಿ, ಕಡಂಬುಟ್ಟು ಚೆನ್ನಾಗಿ ಮಾಡುವ ಹೋಟೆಲ್‌ನಲ್ಲಿ ಪ್ಲಗ್ ಇದ್ದರೆ ಹೇಳಿ. ಗಾಡಿ ಇಲ್ಲದಿದ್ದರೂ ಬರುತ್ತೇನೆ.

ಸುಂಟಿಕೊಪ್ಪ ಸವಾರ
ಮಾವ ದಾರಿಗೆ ಬರುತ್ತಿದ್ದಾರೆ.

ಮೂರ್ನಾಡು ಮಳೆ
ಎರಡು ದಿನ ಆಯಿತು, ಆದದ್ದು ಹೇಳುತ್ತೇನೆ.

ಎಲೆಕ್ಟ್ರಿಷಿಯನ್ ಬಂದಿದ್ದ. ನಮ್ಮ ಮನೆಯಲ್ಲೂ ಅರ್ತಿಂಗ್ ಇಲ್ಲ! ಸಂಜೆ ಎಂಟಕ್ಕೆ ವೋಲ್ಟೇಜ್ 178, ರಾತ್ರಿ ಹನ್ನೊಂದಕ್ಕೆ 214. ಗಾಡಿ ತೆಗೆಯಲಿ ಬಿಡಲಿ, ಅರ್ತಿಂಗ್ ಮಾಡಿಸಲೇಬೇಕು ಅಂತ ಅಮ್ಮ ಪಟ್ಟು ಹಿಡಿದಿದ್ದಾರೆ. ವಾಷಿಂಗ್ ಮೆಷಿನ್ ಮುಟ್ಟಿದರೆ ಜುಮ್ ಅನ್ನುತ್ತಿತ್ತಂತೆ. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಮೆಷಿನ್ನೇ ಹಾಗೆ ಅಂದುಕೊಂಡಿದ್ದರಂತೆ.

ನಿನ್ನೆ ಒಂದು ಬೈಕ್, ಒಂದು ಸ್ಕೂಟರ್ ಎರಡೂ ಓಡಿಸಿ ನೋಡಿದೆ. ಅಮ್ಮತ್ತಿ ಅಣ್ಣ ಹೇಳಿದ ಹಾಗೆ ಬ್ಯಾಟರಿ ವಾರಂಟಿ ಪರ್ಸೆಂಟ್ ಕೇಳಿದೆ. ಸೇಲ್ಸ್ ಹುಡುಗ ಒಳಗೆ ಹೋಗಿ ಹತ್ತು ನಿಮಿಷ ಬರಲೇ ಇಲ್ಲ. ಬೈಕ್ ಏರಿನಲ್ಲಿ ಚೆನ್ನಾಗಿ ಎಳೆಯಿತು, ಮನಸ್ಸು ಅಲ್ಲೇ ಇದೆ. ಆದರೆ ಅದರ ಸರ್ವಿಸ್ ಮೈಸೂರು. ಸ್ಕೂಟರಿನದು ಹತ್ತಿರದಲ್ಲೇ ಇದೆ. ಹೆಂಡತಿ ಸಂತೆ ಅಕ್ಕನ ಮಾತು ಓದಿ "ಚೀಲ ಎಲ್ಲಿ ಇಡುತ್ತೀರಿ" ಅಂತ ಮೂರು ಸಲ ಕೇಳಿದಳು. ಸ್ಕೂಟರ್ ಕಡೆಗೇ ವಾಲುತ್ತಿದೆ. ಮಳೆ ಮುಗಿದು ಪುತ್ತರಿ ಹಬ್ಬದ ಹೊತ್ತಿಗೆ ನೋಡೋಣ ಅಂತ ಇದ್ದೇವೆ.

ಸಂತೆ ಅಕ್ಕ
ನಿಮ್ಮ ಹೆಂಡತಿಗೆ ನನ್ನ ನಮಸ್ಕಾರ ತಿಳಿಸಿ.

ಜೀಪ್ ಮಾವ
ಅಪ್ಪ ಏನಂದರು?

ಮೂರ್ನಾಡು ಮಳೆ
"ತೆಗೆದುಕೋ, ಆದರೆ ನನ್ನ ಬೈಕ್ ಮುಟ್ಟಬೇಡ" ಅಂದರು. ಹೇಗೂ ಕಳೆ ಕೊಚ್ಚುವ ಮೆಷಿನ್‌ಗೆ ಪೆಟ್ರೋಲ್ ತರಲು ಅದು ಬೇಕಂತೆ.

ತೋಟದ ಪಂಪು
ಆ 100 ಸಿಸಿ ಬೈಕ್ ಕೊಡುವುದಾದರೆ ಎಷ್ಟಕ್ಕೆ? ಈ ಸಲ ನನಗೇ, ಸ್ನೇಹಿತನಿಗಲ್ಲ.

ಮೂರ್ನಾಡು ಮಳೆ
ಮೇಲೆ ಏನು ಬರೆದಿದ್ದೇನೆ ಅಂತ ಓದಿ ಮಾರಾಯ್ರೇ.